ಮಗಳ ಅಂಗೈ ಸದಾ ಬೆವರುತ್ತದೆ: ಇದು ಉಷ್ಣವೋ, ಕಾಯಿಲೆಯೋ?

ಪ್ರಶ್ನೆ: ಒಬ್ಬ ತಂದೆ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಹೈಸ್ಕೂಲಿನ ದಿನಗಳಿಂದಲೂ ಎರಡೂ ಅಂಗೈ ಮತ್ತು ಅಂಗಾಲುಗಳು ವಿಪರೀತ ಬೆವರುತ್ತವೆ. ಬಿಸಿಲಿಗೂ ಇದಕ್ಕೂ ಸಂಬಂಧ ಕಾಣುತ್ತಿಲ್ಲ. ಡಿಸೆಂಬರಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಓದುತ್ತಾ ಕುಳಿತಾಗಲೂ ಬೆರಳ ತುದಿಯಲ್ಲಿ ಹನಿ ಕಟ್ಟುತ್ತದೆ. ಬರೆಯುವಾಗ ಮಡಿಸಿದ ಕರವಸ್ತ್ರವನ್ನು ಕೈಯಡಿಗೆ ಇಟ್ಟುಕೊಳ್ಳುತ್ತಾಳೆ, ಆದರೂ ಉತ್ತರ ಪತ್ರಿಕೆಯ ಅಂಚು ಮೆತ್ತಗಾಗಿ ಶಾಯಿ ಹರಡುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಅವಳು ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪುವುದಿಲ್ಲ. ಮುಂದೆ ಸಿಇಟಿಯ ಓಎಂಆರ್ ಹಾಳೆಯನ್ನು ಹೇಗೆ ತುಂಬುತ್ತಾಳೋ ಎಂಬ ಚಿಂತೆ ನಮಗೆ.

ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ಹಿರಿಯರು ಹೇಳಿದ್ದರಿಂದ ಕಾಮಕಸ್ತೂರಿ ಬೀಜ, ಮಜ್ಜಿಗೆ, ರಾಗಿ ಅಂಬಲಿ ಎಲ್ಲವನ್ನೂ ಕೊಟ್ಟಿದ್ದೇವೆ. ಪಟಿಕದ ನೀರಿನಲ್ಲಿ ಕೈ ಅದ್ದಿಸಿಯೂ ಆಗಿದೆ. ರಾತ್ರಿ ನಿದ್ದೆಯಲ್ಲಿ ಮಾತ್ರ ಕೈ ಒಣಗಿರುತ್ತದೆ ಎಂದು ಅವಳ ತಾಯಿ ಗಮನಿಸಿದ್ದಾರೆ. ನನ್ನ ತಂಗಿಗೂ ಚಿಕ್ಕಂದಿನಿಂದ ಹೀಗೆಯೇ ಇದೆ. ಇದಕ್ಕೆ ಯಾವ ವೈದ್ಯರನ್ನು ಕಾಣಬೇಕು, ಗುಣವಾಗುತ್ತದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಚರ್ಮರೋಗ ವೈದ್ಯೆ, ಕೋಲಾರ

ನಮಸ್ಕಾರ ಸರ್. ತಾವು ಬರೆದಿರುವ ವಿವರಗಳಲ್ಲೇ ಅರ್ಧ ಉತ್ತರವಿದೆ. ಎರಡೂ ಕಡೆ ಸಮನಾಗಿ ಬೆವರುವುದು, ಹದಿಹರೆಯದಲ್ಲೋ ಅದಕ್ಕೂ ಮೊದಲೋ ಶುರುವಾಗಿರುವುದು, ನಿದ್ದೆಯಲ್ಲಿ ನಿಲ್ಲುವುದು, ಮನೆತನದಲ್ಲಿ ಇನ್ನೊಬ್ಬರಿಗೂ ಇರುವುದು, ಇವೆಲ್ಲ ಒಟ್ಟಿಗೆ ಕಂಡರೆ ನಾವು ಅದನ್ನು ಪ್ರಾಥಮಿಕ ಹೈಪರ್‌ಹೈಡ್ರೋಸಿಸ್, ಅಂದರೆ ಬೇರೆ ಕಾಯಿಲೆಯ ಕಾರಣವಿಲ್ಲದೆ ಬರುವ ಅತಿಬೆವರು, ಎಂದು ಗುರುತಿಸುತ್ತೇವೆ. ಮಗುವನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ, ಆದರೆ ಲಕ್ಷಣಗಳು ಅತ್ತಲೇ ಬೊಟ್ಟು ಮಾಡುತ್ತಿವೆ.

ನಮ್ಮ ಚರ್ಮದಲ್ಲಿ 20 ಲಕ್ಷದಿಂದ 40 ಲಕ್ಷದವರೆಗೆ ಬೆವರಿನ ಗ್ರಂಥಿಗಳಿದ್ದು, ಅಂಗೈ ಅಂಗಾಲುಗಳಲ್ಲಿ ಅವು ತೀರಾ ಒತ್ತಾಗಿವೆ. ಈ ತೊಂದರೆ ಇರುವವರಲ್ಲಿ ಗ್ರಂಥಿಗಳ ಸಂಖ್ಯೆಯಾಗಲಿ ಗಾತ್ರವಾಗಲಿ ಹೆಚ್ಚಿರುವುದಿಲ್ಲ. ಅವಕ್ಕೆ ಆಜ್ಞೆ ಕೊಡುವ ಸಿಂಪಥೆಟಿಕ್ ನರಗಳು ಅಗತ್ಯಕ್ಕಿಂತ ಹೆಚ್ಚು ಚುರುಕಾಗಿರುತ್ತವೆ. ಅಂಗೈಯ ಬೆವರು ಬಿಸಿಲಿಗಿಂತ ಮನಸ್ಸಿನ ಒತ್ತಡಕ್ಕೆ ಬೇಗ ಓಗೊಡುತ್ತದೆ. ಹೀಗಾಗಿ ಮಜ್ಜಿಗೆ, ಅಂಬಲಿ ಆರೋಗ್ಯಕ್ಕೆ ಒಳ್ಳೆಯವೇ ಆದರೂ ಈ ಬೆವರನ್ನು ತಡೆಯಲಾರವು. ಹೆದರಿಕೆಯಿಂದ ಬೆವರು, ಬೆವರಿತೆಂಬ ನಾಚಿಕೆಯಿಂದ ಮತ್ತಷ್ಟು ಬೆವರು ಎಂಬಂತೆ ಮಕ್ಕಳು ನರಳುತ್ತಾರೆ. ಆದ್ದರಿಂದ "ಧೈರ್ಯವಾಗಿರು, ಎಲ್ಲಾ ಸರಿಹೋಗುತ್ತದೆ" ಎಂದು ಹೇಳಿ ಕಳಿಸುವುದು ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯಲ್ಲ.

ಮೊದಲ ಹೆಜ್ಜೆ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ. ಕಂಕುಳಿಗೆ ಶೇ. 10ರಿಂದ 20ರಷ್ಟು ಸಾಕಾಗುತ್ತದೆ. ಅಂಗೈಯ ಚರ್ಮ ದಪ್ಪವಾದ್ದರಿಂದ ಕೆಲವೊಮ್ಮೆ ಶೇ. 30ರವರೆಗೂ ಬೇಕಾಗಬಹುದು. ಪಟಿಕವೂ ಅಲ್ಯೂಮಿನಿಯಂ ಲವಣವೇ, ಆದರೆ ಈ ಕೆಲಸಕ್ಕೆ ಅದರ ಬಲ ಸಾಲದು. ಬೆವರು ನಿಂತಿರುವ ರಾತ್ರಿಯ ಹೊತ್ತಿನಲ್ಲಿ, ಪೂರ್ತಿ ಒಣಗಿದ ಕೈಗೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಉಂಟಾಗಿ ಉರಿ, ಕೆಂಪು ಕಾಣಿಸಿಕೊಳ್ಳುತ್ತವೆ. ಎಷ್ಟೋ ಜನ ಇದೇ ಕಾರಣಕ್ಕೆ ಔಷಧಿಯನ್ನು ಬಿಟ್ಟುಬಿಡುತ್ತಾರೆ. ತಮ್ಮ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸಿ, ಅವರು ಬರೆದುಕೊಟ್ಟ ಮೇಲೆಯೇ ಶುರು ಮಾಡಿ.

ಉತ್ತರ: ಬ್ಯಾಂಕ್ ಉದ್ಯೋಗಿ, ತುಮಕೂರು

ಅಣ್ಣಾವ್ರೇ, ನಿಮ್ಮ ಮಗಳ ಪರಿಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ದಿನವಿಡೀ ನೋಟು ಎಣಿಸುವ ಕೌಂಟರಿನಲ್ಲಿ ನಾನು ಇದೇ ಕೈಗಳಿಂದ ಕೆಲಸ ಮಾಡಿದ್ದೇನೆ. ಹಚ್ಚುವ ಔಷಧಿಯಿಂದ ನನಗೆ ಸಿಕ್ಕಿದ ಫಲ ಅಷ್ಟಕ್ಕಷ್ಟೇ. ನನಗೆ ನೆರವಾದದ್ದು ಅಯಾಂಟೋಫೊರೆಸಿಸ್ ಎಂಬ ವಿಧಾನ. ಎರಡು ಅಗಲವಾದ ತಟ್ಟೆಗಳಲ್ಲಿ ಅಂಗೈ ಮುಳುಗುವಷ್ಟು ನೀರು ಹಾಕಿ, ಕೈಗಳನ್ನು ಇಟ್ಟು, ಬಹಳ ಕಡಿಮೆ ಪ್ರಮಾಣದ ವಿದ್ಯುತ್ತನ್ನು ಸುಮಾರು 20 ನಿಮಿಷ ಹಾಯಿಸುತ್ತಾರೆ. ನೀರಿನ ಮೇಲ್ಮೈ ಚರ್ಮಕ್ಕೆ ತಾಗುವ ಗೆರೆಯಲ್ಲಿ ಜುಮು ಜುಮು ಎನ್ನುತ್ತದೆ, ನೋವೆಂದು ಹೇಳಲಾಗದು. ಉಂಗುರ, ಬಳೆಗಳನ್ನು ತೆಗೆದಿಡಬೇಕು. ಗೀರು ಗಾಯವಿದ್ದರೆ ಅದರ ಮೇಲೆ ವ್ಯಾಸಲೀನ್ ಸವರಬೇಕು. ಮೊದಲು ವಾರಕ್ಕೆ ಮೂರು ಸಲದಂತೆ ಕೆಲವು ವಾರ, ಕೈ ಒಣಗಿದ ಮೇಲೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಸಾಕಾಗುತ್ತದೆ. ನಿಲ್ಲಿಸಿಬಿಟ್ಟರೆ ಬೆವರು ಮರಳುತ್ತದೆ.

ಒಂದು ವಿಷಯವನ್ನು ನಮ್ಮ ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ವಿದ್ಯುತ್ ಹರಿಯಲು ನೀರಿನಲ್ಲಿ ಲವಣಗಳಿರಬೇಕು. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಿಗಿಂತ ನಮ್ಮ ಬೋರ್‌ವೆಲ್‌ನ ಗಡಸು ನೀರೇ ಇದಕ್ಕೆ ಮೇಲು. ಶುದ್ಧೀಕರಿಸಿದ ನೀರನ್ನೇ ಬಳಸಬೇಕಾಗಿ ಬಂದರೆ ಚಿಟಿಕೆ ಅಡುಗೆ ಸೋಡಾ ಬೆರೆಸಲು ಹೇಳುತ್ತಾರೆ. ಪೇಸ್‌ಮೇಕರ್ ಇರುವವರು, ಮೈಯಲ್ಲಿ ಲೋಹದ ಸಲಾಕೆ ಹಾಕಿಸಿಕೊಂಡವರು, ಗರ್ಭಿಣಿಯರು ಇದನ್ನು ಮಾಡಿಸಿಕೊಳ್ಳಬಾರದು.

ಉತ್ತರ: ನರ್ಸ್, ಗೌರಿಬಿದನೂರು

ಇದನ್ನು ಓದುವ ಹಿರಿಯರು ತಮಗೂ ಇದೇ ತೊಂದರೆ ಎಂದುಕೊಳ್ಳದಿರಲಿ ಎಂದು ಬರೆಯುತ್ತಿದ್ದೇನೆ. ನಡುವಯಸ್ಸಿನ ಮೇಲೆ ಹೊಸದಾಗಿ ಶುರುವಾದ, ಮೈಪೂರ್ತಿ ಬರುವ, ನಿದ್ದೆಯಲ್ಲಿ ಹಾಸಿಗೆ ನೆನೆಸುವ ಬೆವರಿನ ದಾರಿಯೇ ಬೇರೆ. ಥೈರಾಯ್ಡ್ ಹೆಚ್ಚಿದ್ದರೆ, ಮುಟ್ಟು ನಿಲ್ಲುವ ಕಾಲದಲ್ಲಿ, ಕೆಲವು ಮಾನಸಿಕ ಔಷಧಿಗಳಿಂದಲೂ ಹೀಗಾಗಬಹುದು. ರಾತ್ರಿ ಬೆವರಿನ ಜೊತೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯರೋಗದ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ದಿಢೀರನೆ ತಣ್ಣನೆಯ ಬೆವರು, ನಡುಕ ಬಂದರೆ ಸಕ್ಕರೆ ಇಳಿದಿರಬಹುದು, ತಕ್ಷಣ ಸಕ್ಕರೆ ನೀರು ಕೊಡಿ. ಎದೆ ಒತ್ತಿದಂತಾಗಿ ಬೆವರಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಮರುಪ್ರಶ್ನೆ: ಒಬ್ಬ ತಂದೆ, ಚಿಂತಾಮಣಿ

ಎಲ್ಲರ ಕಾಳಜಿಗೂ ಋಣಿ. ಡಾಕ್ಟರಮ್ಮನವರಲ್ಲಿ ಇನ್ನೊಂದು ವಿಚಾರಣೆ. ನರವನ್ನೇ ಕತ್ತರಿಸಿ ಬೆವರನ್ನು ಶಾಶ್ವತವಾಗಿ ನಿಲ್ಲಿಸುವ ಆಪರೇಷನ್ ಇದೆಯೆಂದೂ, ಮದುವೆಗೆ ಮೊದಲು ಮಾಡಿಸಿಬಿಡಿ ಎಂದೂ ಬಂಧುಗಳು ಒತ್ತಾಯಿಸುತ್ತಿದ್ದಾರೆ. ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೇವೆ. ಪರೀಕ್ಷೆಗಳು ಹತ್ತಿರವಿರುವಾಗ ಏನು ಮಾಡುವುದು ಸೂಕ್ತ?

ಉತ್ತರ: ಚರ್ಮರೋಗ ವೈದ್ಯೆ, ಕೋಲಾರ

ಆಪರೇಷನ್‌ಗೆ ಆತುರ ಬೇಡ ಸರ್. ಎದೆಗೂಡಿನೊಳಗೆ ಸಿಂಪಥೆಟಿಕ್ ನರವನ್ನು ಕತ್ತರಿಸುವ ಅಥವಾ ಕ್ಲಿಪ್ ಹಾಕುವ ಈ ಶಸ್ತ್ರಚಿಕಿತ್ಸೆಯಿಂದ ಅಂಗೈ ಒಣಗುವುದು ನಿಜ. ಆದರೆ ಬಹಳಷ್ಟು ಮಂದಿಗೆ ಆಮೇಲೆ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಹೊಸದಾಗಿ ಬೆವರು ಶುರುವಾಗುತ್ತದೆ. ಕೆಲವರಿಗೆ ಅದು ಮೊದಲಿನ ತೊಂದರೆಗಿಂತಲೂ ಹೆಚ್ಚಾಗಿ ಕಾಡುತ್ತದೆ ಮತ್ತು ಕತ್ತರಿಸಿದ ನರವನ್ನು ಮೊದಲಿನಂತೆ ಮಾಡಲು ಭರವಸೆಯ ದಾರಿಯಿಲ್ಲ. ಉಳಿದೆಲ್ಲ ಚಿಕಿತ್ಸೆಗಳೂ ಸೋತು, ಇದನ್ನೆಲ್ಲ ತಿಳಿದ ಮೇಲೂ ಅವಳೇ ಬಯಸಿದರೆ ಮಾತ್ರ ಅದರ ಮಾತು. ಮದುವೆಯ ಕಾರಣಕ್ಕೆ ಅವಳ ಮೇಲೆ ಹೇರುವುದನ್ನು ನಾನು ಒಪ್ಪಲಾರೆ.

ಬೊಟಾಕ್ಸ್ ಕಂಕುಳಿಗೆ ಸೊಗಸಾಗಿ ಕೆಲಸ ಮಾಡುತ್ತದೆ, ಆರು ತಿಂಗಳ ಆಸುಪಾಸು ಫಲವಿರುತ್ತದೆ, ಖರ್ಚು ಹೆಚ್ಚು. ಅಂಗೈಗೆ ಚುಚ್ಚುವುದು ನೋವಿನ ಕೆಲಸ. ಬೆರಳುಗಳ ಹಿಡಿತ ಕೆಲವು ವಾರ ಸಡಿಲವಾಗಬಹುದಾದ್ದರಿಂದ ಬರೆಯುವ ಮಗುವಿಗೆ ಪರೀಕ್ಷೆಗೆ ಮುಂಚೆ ನಾನು ಅದನ್ನು ಸೂಚಿಸುವುದಿಲ್ಲ. ಹಚ್ಚುವ ಔಷಧಿ ಸಾಲದಿದ್ದರೆ ತುಮಕೂರಿನವರು ಹೇಳಿದ ನೀರಿನ ಚಿಕಿತ್ಸೆಯನ್ನು ಈಗಲೇ ಆರಂಭಿಸಿ. ಗ್ಲೈಕೊಪೈರೊಲೇಟ್ ಮಾತ್ರೆಯೂ ಇದೆ. ಆದರೆ ಅದರಿಂದ ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಸಾಧ್ಯ, ಮೈಪೂರ್ತಿ ಬೆವರು ಕುಗ್ಗುವುದರಿಂದ ಏಪ್ರಿಲ್ ಬಿಸಿಲಿನಲ್ಲಿ ದೇಹ ತಣಿಯುವುದೂ ಕಷ್ಟವಾಗುತ್ತದೆ. ಆದ್ದರಿಂದ ವೈದ್ಯರು ಆ ಮಾತ್ರೆಯನ್ನು ಬರೆದುಕೊಟ್ಟರೆ ರಜೆಯ ದಿನ ಮನೆಯಲ್ಲಿ ಮೊದಲ ಬಾರಿ ತೆಗೆದುಕೊಳ್ಳಲಿ. ಕಣ್ಣು ಮಂಜಾಗುತ್ತದೆಯೇ ಎಂದು ನೋಡದೆ ಪರೀಕ್ಷೆಯ ಬೆಳಿಗ್ಗೆ ಅದನ್ನು ನುಂಗಿಸಬೇಡಿ.