ನಕಾಡಾ ಕಾಲದ ಕಪ್ಪು ಬಾಯಿಯ ಮಡಿಕೆ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಮೆಕ್ಕಲುಮಣ್ಣು:
ಲಂಡನ್ನಿನ ಹರಾಜೊಂದರ ಕ್ಯಾಟಲಾಗಿನಲ್ಲಿ ಪ್ರಾಚೀನ ಈಜಿಪ್ಟಿನ ಎರಡು ಮಡಿಕೆಗಳಿವೆ. ಒಂದು 18 ಸೆಂ.ಮೀ. ಎತ್ತರದ್ದು, ಮೈ ಕೆಂಪು, ಬಾಯಿಯ ಸುತ್ತ ಕಪ್ಪು. ‘ನಕಾಡಾ 1–2’ (ಈಜಿಪ್ಟಿನ ರಾಜವಂಶಗಳಿಗಿಂತ ಮುಂಚಿನ ಕಾಲಘಟ್ಟ) ಅಂತ ಹಾಕಿದ್ದಾರೆ. ಇನ್ನೊಂದು ತಿಳಿ ಬಣ್ಣದ ಚಿಕ್ಕ ಗಡಿಗೆ, ಮೇಲೆ ಕೆಂಗಂದು ಬಣ್ಣದಲ್ಲಿ ದೋಣಿ ಮತ್ತು ಹಕ್ಕಿಗಳ ಸಾಲು, ತಳದ ಹತ್ತಿರ ಬಿಳಿ ಪುಡಿ. ಎರಡಕ್ಕೂ ಹಿನ್ನೆಲೆ ಅಂತ ಇರುವುದು ಒಂದೇ ಸಾಲು: ‘ಇಂಗ್ಲೆಂಡಿನ ಖಾಸಗಿ ಸಂಗ್ರಹ, 1970ರ ದಶಕ’. ಕಾಲ ಹೇಗೆ ಗೊತ್ತುಮಾಡುವುದು? ನಕಲಿ ಹೇಗೆ ಹಿಡಿಯುವುದು? ಬಿಳಿ ಪುಡಿ ತೊಳೆಯಬಹುದೇ? ಮುಂದೆ ಬೆಂಗಳೂರಿಗೆ ತಂದರೆ ಕಾನೂನಿನ ತೊಡಕು ಏನು?

ಆವಿಗೆಬೂದಿ:
ಮೊದಲು ಮಣ್ಣು ನೋಡಿ ಸರ್. ಕಪ್ಪು ಬಾಯಿಯದ್ದು ನೈಲ್ ನದಿಯ ಮೆಕ್ಕಲಿನದು. ಅದರಲ್ಲಿ ಕಬ್ಬಿಣದಂಶ ಹೆಚ್ಚು, ಕಡಿಮೆ ಶಾಖಕ್ಕೇ ಬೆಂದು ಕೆಂಪಾಗುತ್ತದೆ. ದೋಣಿಯ ಗಡಿಗೆ ಮರುಭೂಮಿ ಅಂಚಿನ ಸುಣ್ಣದಂಶದ ಜೇಡಿಯದು. ಅದಕ್ಕೆ ಹೆಚ್ಚು ಶಾಖ ಬೇಕು, ಬೆಂದ ಮೇಲೆ ತಿಳಿ ಬಣ್ಣ ಬರುತ್ತದೆ. ಈ ಎರಡನೇ ಮಣ್ಣಿನ ಬಳಕೆ ದೊಡ್ಡ ಪ್ರಮಾಣದಲ್ಲಿ ಶುರುವಾಗುವುದು ನಕಾಡಾ 2ರಲ್ಲಿ. ಅಂದರೆ ದಕ್ಷಿಣ ಈಜಿಪ್ಟಿನ ಊರುಗಳಲ್ಲಿ ಕುಂಬಾರಿಕೆ ಮನೆವಾರ್ತೆಯಿಂದ ಕಸುಬಾಗುತ್ತಿದ್ದ ಹೊತ್ತು.

ಸ್ಥೂಲವಾಗಿ ಕಾಲಗಳು ಹೀಗೆ: ಬದಾರಿ ಕ್ರಿ.ಪೂ. 4400–4000, ನಕಾಡಾ 1 ಕ್ರಿ.ಪೂ. 3500ರವರೆಗೆ, ನಕಾಡಾ 2 ಕ್ರಿ.ಪೂ. 3200ರವರೆಗೆ, ಆಮೇಲೆ ನಕಾಡಾ 3, ಅಲ್ಲಿಗೆ ಮೊದಲ ರಾಜವಂಶದ ಹೊಸ್ತಿಲು. ಬದಾರಿಯ ಒಳ್ಳೆಯ ಮಡಿಕೆ ತುಂಬಾ ತೆಳು. ಹಸಿ ಇರುವಾಗ ಬಾಚಣಿಗೆ ಎಳೆದು ಆಮೇಲೆ ಉಜ್ಜಿದ್ದರಿಂದ ಮೈಮೇಲೆ ಸಣ್ಣ ಅಲೆಗಳು ಕೈಗೆ ಸಿಗುತ್ತವೆ. ಕಪ್ಪು ಬಾಯಿಯ ಶೈಲಿ ಅಲ್ಲಿಂದಲೇ ಇದೆ, ಹಾಗಾಗಿ ಬಣ್ಣ ನೋಡಿ ಕಾಲ ಹೇಳಲಾಗದು, ಆಕಾರ ನೋಡಬೇಕು. ನೆಟ್ಟಗೆ ಮೇಲೇರಿ ಬಾಯಗಲಿಸಿದ, ಚಪ್ಪಟೆ ತಳದ ಎತ್ತರದ ಪಾತ್ರೆ ಸಾಮಾನ್ಯವಾಗಿ ನಕಾಡಾ 1. ಭುಜ ಉಬ್ಬಿ, ಬಾಯಿ ಕಿರಿದಾಗಿ, ತಳ ಸಣ್ಣದಾಗಿದ್ದರೆ ನಕಾಡಾ 2ರ ಕಡೆಗೆ.

ಈ ಕ್ರಮ ಸಿಕ್ಕಿದ್ದು ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯಿಂದ. 1894–95ರಲ್ಲಿ ನಕಾಡಾದಲ್ಲಿ ಸಾವಿರಾರು ಗೋರಿಗಳನ್ನು ಅಗೆದಾಗ ಅವನು ಅಲ್ಲಿ ಹೂಳಿದವರನ್ನು ಹೊರಗಿಂದ ಬಂದ ಬೇರೆ ಜನಾಂಗ ಅಂದುಕೊಂಡಿದ್ದ. ಪ್ರಾಗಿತಿಹಾಸದವರೆಂದು ಗುರುತಿಸಿದ್ದು ಫ್ರೆಂಚ್ ಪುರಾತತ್ವಜ್ಞ ಜಾಕ್ ದ ಮೋರ್ಗನ್. ಆಮೇಲೆ ಪೆಟ್ರಿ ಸುಮಾರು 900 ಗೋರಿಗಳನ್ನು ಆರಿಸಿ, ಒಂದೊಂದರ ಮಡಿಕೆಗಳ ಬಗೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಹೋಲುವ ಚೀಟಿಗಳು ಹತ್ತಿರ ಬರುವಂತೆ ಜೋಡಿಸಿದ. ಆ ಸಾಲಿಗೆ ಹಳೆಯದರಿಂದ ಹೊಸದಕ್ಕೆ ಅವನು ಕೊಟ್ಟ, 1901ರಲ್ಲಿ ಪ್ರಕಟವಾದ ಕ್ರಮಾಂಕಗಳು 30ರಿಂದ 80. ಇನ್ನೂ ಹಳೆಯದು ಸಿಗಬಹುದೆಂದು 30ಕ್ಕಿಂತ ಕೆಳಗೆ ಜಾಗ ಬಿಟ್ಟಿದ್ದ. 1920ರ ದಶಕದಲ್ಲಿ ಬದಾರಿ ಕಾಲದ ಗೋರಿಗಳು ಸಿಕ್ಕವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಪೆಟ್ರಿಗೆ ದಿಕ್ಕು ತೋರಿಸಿದ್ದು ಅಲೆಯಾಕಾರದ ಹಿಡಿಯ ಜಾಡಿಗಳು. ಮೊದಲು ದುಂಡು ಹೊಟ್ಟೆ, ಹಿಡಿದು ಎತ್ತಬಲ್ಲ ಹಿಡಿ. ಬರಬರುತ್ತಾ ಜಾಡಿ ಕೊಳವೆಯಂತಾಗಿ ಹಿಡಿ ಬರೀ ಅಲಂಕಾರದ ಗೆರೆಯಾಯಿತು. ಒಳಗಿನ ಸುಗಂಧದ ಕೊಬ್ಬಿನ ಜಾಗಕ್ಕೂ ಕೊನೆಗೆ ಕೆಸರು ಬಂತು. ಒಂದೇ ಗೋರಿಯ ಮಡಿಕೆಗಳು ಒಟ್ಟಿಗೇ ಉಳಿದಿದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಗೋರಿ ಯಾವುದೆಂದು ಗೊತ್ತಿಲ್ಲದ ಮಡಿಕೆಗೆ ನೀವು ಕೊಡಬಹುದಾದ ಕಾಲ ‘ಸುಮಾರು’ ಅಷ್ಟೇ.

ಲೂಪ್_ಹಿಡಿದವ:
ನಕಲಿ ವಿಚಾರ. ಕಪ್ಪು ಬಾಯಿಯದ್ದರಲ್ಲಿ ಬೆರಳಿನ ಬದಲು ಟಾರ್ಚ್ ಒಳಗೆ ಬಿಡಿ. ಸಮಾನಾಂತರವಾಗಿ ಸುತ್ತುವ ತಿಗರಿಯ ಗೆರೆಗಳು ಕಂಡರೆ ಅಲ್ಲಿಗೇ ಕೈಬಿಡಿ. ಆ ಕಾಲದಲ್ಲಿ ತಿಗರಿ ಇರಲಿಲ್ಲ, ಎಲ್ಲವೂ ಕೈಯಲ್ಲಿ ಕಟ್ಟಿದ್ದು. ಒಳಭಾಗ ಸಾಮಾನ್ಯವಾಗಿ ಕಪ್ಪೇ ಇರಬೇಕು. ಕೆಮ್ಮಣ್ಣು ಬಳಿದು ನುಣುಪು ಕಲ್ಲಿನಿಂದ ಉಜ್ಜಿದ ಪಟ್ಟೆಗಳು ಮೈಮೇಲೆ ಬಹುಪಾಲು ಉದ್ದುದ್ದ, ಅಂಚಿನಲ್ಲಿ ಅಡ್ಡ. ಕಪ್ಪು ಎನ್ನುವುದು ಬಳಿದ ಬಣ್ಣವಲ್ಲ. ಬೂದಿ, ಹೊಟ್ಟಿನಲ್ಲಿ ಬಾಯಿ ಹುದುಗಿದ್ದಾಗ ಗಾಳಿ ಸಿಗದೆ ಇಂಗಾಲ ಮಣ್ಣಿನೊಳಕ್ಕೆ ಇಳಿದದ್ದು. ಹಾಗಾಗಿ ಅಂಚಿನ ಹಳೇ ಚಕ್ಕೆ ಎದ್ದ ಜಾಗದಲ್ಲಿ ಒಳಗೂ ಕಪ್ಪಿರಬೇಕು, ಕೆಂಪು-ಕಪ್ಪು ಸೇರುವಲ್ಲಿ ಗೆರೆ ಕೊರೆದಂತೆ ಇರಬಾರದು. ನಮ್ಮ ಬ್ರಹ್ಮಗಿರಿ, ಮಸ್ಕಿಯ ಬೃಹತ್ ಶಿಲಾ ಸಮಾಧಿಗಳ ಕಪ್ಪು-ಕೆಂಪು ಮಡಿಕೆಗಳಲ್ಲೂ ತತ್ವ ಇದೇ, ಆದರೆ ಅವಕ್ಕೂ ಈಜಿಪ್ಟಿಗೂ ನಂಟು ಕಟ್ಟಬೇಡಿ. ನಡುವೆ ಸಾವಿರಾರು ವರ್ಷಗಳಿವೆ.

ಇನ್ನೊಂದು ಗೊಂದಲ ಸುಡಾನಿನ ಕೆರ್ಮಾ ಪಾತ್ರೆಗಳದ್ದು. ಅವೂ ಕಪ್ಪು ಬಾಯಿಯವೇ, ಆದರೆ ನಕಾಡಾಗಿಂತ ಎಷ್ಟೋ ಈಚಿನವು. ಹೂವಿನಂತೆ ಬಾಯಿ ಅರಳಿ, ಗೋಡೆ ಬಹಳ ತೆಳುವಾಗಿ, ಕಪ್ಪು-ಕೆಂಪಿನ ನಡುವೆ ಬೆಳ್ಳಿ ಬೂದಿ ಬಣ್ಣದ ಪಟ್ಟಿ ಇದ್ದರೆ ಅದು ಕೆರ್ಮಾ.

ದೋಣಿಯ ಗಡಿಗೆ ಬಗ್ಗೆ ನನಗೆ ಹೆಚ್ಚು ಅನುಮಾನ. ಅಸಲಿ ಖಾಲಿ ಗಡಿಗೆಯ ಮೇಲೆ ಹೊಸ ಚಿತ್ರ ಬರೆದು ಬೆಲೆ ಏರಿಸುವುದು ಹಳೇ ದಂಧೆ. ಪುರಾತತ್ವಜ್ಞ ಗೈ ಬ್ರಂಟನ್ 1934ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. 10 ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ನೋಡಿ: ಬಣ್ಣ ಹಳೇ ಗೀರಿನೊಳಕ್ಕೆ ಇಳಿದಿದ್ದರೆ, ಉಪ್ಪಿನ ಹೆಕ್ಕಳದ ಮೇಲೆ ಹಾದಿದ್ದರೆ ಚಿತ್ರ ಈಚಿನದು. ಹೆಕ್ಕಳದ ಅಡಿಯಲ್ಲಿ ಬಣ್ಣ ಮುಂದುವರಿದಿದ್ದರೆ ಒಳ್ಳೆಯ ಲಕ್ಷಣ. ಕತ್ತಲಲ್ಲಿ 365 ನ್ಯಾನೋಮೀಟರ್ ಅತಿನೇರಳೆ ಟಾರ್ಚ್ ಹಿಡಿದರೆ ಹೊಸ ಅಂಟು, ತುಂಬಿದ ಜಾಗ ಸಾಮಾನ್ಯವಾಗಿ ಬೇರೆಯಾಗಿ ಮಿನುಗುತ್ತದೆ, ಅರಗಿನ ಅಂಟು ಕಿತ್ತಳೆ ಬಣ್ಣ.

ಥರ್ಮೋಲ್ಯುಮಿನಿಸೆನ್ಸ್ ಪರೀಕ್ಷೆ ಮಾಡಿಸಿದರೂ ಅದು ಹೇಳುವುದು ಮಣ್ಣು ಕೊನೆಯ ಸಲ ಯಾವಾಗ ಸುಟ್ಟಿತು ಅನ್ನುವುದನ್ನು ಮಾತ್ರ. ನಕಾಡಾ 1ನ್ನು 2ರಿಂದ ಬೇರೆ ಮಾಡುವಷ್ಟು ಸೂಕ್ಷ್ಮ ಅದಕ್ಕಿಲ್ಲ, ಹೊಸ ಚಿತ್ರವನ್ನು ಹಿಡಿಯುವುದೂ ಇಲ್ಲ. ತಳಕ್ಕೆ ಹಳೇ ಚೂರು ಕೂರಿಸಿದ್ದರೆ ಅದೂ ‘ಪ್ರಾಚೀನ’ ಅಂತಲೇ ಬರುತ್ತದೆ, ಆದ್ದರಿಂದ ಎರಡು ಜಾಗದ ಪುಡಿ ಕೊಡಿ.

ಕಡತಪ್ರಿಯೆ:
ಆ ಒಂದು ಸಾಲಿನ ಹಿನ್ನೆಲೆ ಸಾಲದು. ಈಜಿಪ್ಟಿನಲ್ಲಿ 1983ರ 117ನೇ ಕಾನೂನು ಬರುವವರೆಗೆ ಪರವಾನಗಿ ಪಡೆದ ವ್ಯಾಪಾರ ಇತ್ತು, ಕೈರೋ ಮ್ಯೂಸಿಯಂನಲ್ಲೇ ಮಾರಾಟದ ಕೋಣೆ ಇತ್ತು. ಹಾಗಾಗಿ ಕಾನೂನುಬದ್ಧವಾಗಿ ಹೊರಬಂದ ವಸ್ತುಗಳಿವೆ, ಅವುಗಳ ಕಾಗದವೂ ಇರುತ್ತದೆ: ರಫ್ತು ಪರವಾನಗಿ, ಅಂಗಡಿ ರಸೀದಿ, ಹಳೇ ಹರಾಜಿನ ಕ್ಯಾಟಲಾಗ್ ಪುಟ, ತಾರೀಖಿರುವ ಫೋಟೋ. ಪುರಾತನ ವಸ್ತುಗಳ ಅಕ್ರಮ ಸಾಗಣೆ ತಡೆಯುವ 1970ರ ಯುನೆಸ್ಕೋ ಒಪ್ಪಂದಕ್ಕಿಂತ ಹಿಂದಿನ ಕಾಗದ ಕೇಳಿ. ‘ಮಾಲೀಕರ ಹೇಳಿಕೆ’ ಅಂದರೆ ಕಾಗದವಲ್ಲ.

ಬೆಂಗಳೂರಿಗೆ ತರುವುದಾದರೆ ಮೊದಲು ಬ್ರಿಟನ್ನಿನ ರಫ್ತು ಪರವಾನಗಿ ಬೇಕೇ ಎಂದು ಹರಾಜುದಾರರಿಂದ ಬರಹದಲ್ಲಿ ತೆಗೆದುಕೊಳ್ಳಿ. ಭಾರತದ 1972ರ ಪುರಾತನ ವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಒಳಗೆ ತಂದದ್ದನ್ನು ಆಮೇಲೆ ಲಂಡನ್ನಿಗೆ ವಾಪಸ್ ಕಳಿಸುತ್ತೇನೆ ಅಂದರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಮೆಕ್ಕಲುಮಣ್ಣು:
ಧನ್ಯವಾದ. ತಳದ ಫೋಟೋ ತರಿಸಿದೆ. ಕಪ್ಪು ಬಾಯಿಯದ್ದರ ಮೇಲೆ ಮಾಸಿದ ಶಾಯಿಯಲ್ಲಿ B ಅಕ್ಷರ, ಪಕ್ಕದಲ್ಲಿ ಮೂರು ಅಂಕಿ ಇದ್ದಂತಿದೆ. ದೋಣಿಯದ್ದರ ಮೇಲೆ ಏನೂ ಇಲ್ಲ.

ಕಡತಪ್ರಿಯೆ:
ಅದು ಅಗೆತದ ಗುರುತಾಗಿರಬಹುದು! ಪೆಟ್ರಿಯ ತಂಡ ಸ್ಮಶಾನದ ಅಕ್ಷರ, ಗೋರಿಯ ಸಂಖ್ಯೆಯನ್ನು ಮಡಿಕೆಯ ಮೇಲೇ ಬರೆಯುತ್ತಿತ್ತು. ಆದರೆ B ಸ್ಮಶಾನ ನಕಾಡಾದಲ್ಲೂ ಇದೆ, ಅಬಾದಿಯೆಯಲ್ಲೂ ಇದೆ, ಅಕ್ಷರ ಒಂದರಿಂದಲೇ ತೀರ್ಮಾನಿಸಬೇಡಿ. ಓರೆ ಬೆಳಕಿನಲ್ಲಿ ಸ್ಪಷ್ಟ ಫೋಟೋ ತೆಗೆಸಿ, ‘ಆರ್ಟಿಫ್ಯಾಕ್ಟ್ಸ್ ಆಫ್ ಎಕ್ಸ್‌ಕವೇಶನ್’ ಜಾಲತಾಣದ ಗುರುತುಗಳ ಜೊತೆ ಹೋಲಿಸಿ, ಪೆಟ್ರಿ ಮ್ಯೂಸಿಯಂಗೆ ಬರೆದು ಕೇಳಿ. ಆ ಕಾಲದಲ್ಲಿ ಅಗೆದವರ ಪಾಲಿಗೆ ಬಂದ ವಸ್ತುಗಳನ್ನು ನೂರಾರು ಸಂಸ್ಥೆಗಳಿಗೆ ಹಂಚಿದ್ದರು. ಇದು ಯಾವುದೋ ಮ್ಯೂಸಿಯಂನಿಂದ ಕಳೆದುಹೋದದ್ದಲ್ಲ ಎಂಬುದೂ ಖಚಿತವಾಗಬೇಕು. ಉತ್ತರ ಬರುವ ಮುಂಚೆ ಬಿಡ್ ಹಾಕಬೇಡಿ.

ಉಪ್ಪುನೀರು:
ಬಿಳಿ ಪುಡಿಗೆ ಬರುತ್ತೇನೆ. ನಲ್ಲಿ ನೀರು ಬೇಡವೇ ಬೇಡ. ವಿನಿಗರ್, ನಿಂಬೆಹುಳಿ ಅಂತೂ ಸುಣ್ಣದಂಶದ ಮಣ್ಣನ್ನೇ ತಿನ್ನುತ್ತದೆ. ಮರಳಿನ ಉಪ್ಪು ಮಡಿಕೆಯ ರಂಧ್ರಗಳಲ್ಲಿದೆ. ಗಾಳಿಯ ತೇವ ಏರಿದಾಗ ಕರಗಿ, ಇಳಿದಾಗ ಹರಳುಗಟ್ಟಿ, ಹೊರಪದರವನ್ನು ಚಕ್ಕೆ ಚಕ್ಕೆಯಾಗಿ ತಳ್ಳುತ್ತದೆ. ಅಡಿಗೆ ಉಪ್ಪು ಸುಮಾರು 75% ಆರ್ದ್ರತೆಯಲ್ಲಿ ಕರಗತೊಡಗುತ್ತದೆ, ಬೆಂಗಳೂರಿನ ಮಳೆಗಾಲ ಅಷ್ಟು ಮುಟ್ಟುತ್ತದೆ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಹದಗೊಳಿಸಿದ ಸಿಲಿಕಾ ಜೆಲ್, ಒಂದು ಆರ್ದ್ರತಾಮಾಪಕ ಇಟ್ಟು 40–50% ನಡುವೆ ಅಲುಗಾಡದಂತೆ ಕಾಯಿರಿ.

ಪುಡಿಯನ್ನು ಮೆತ್ತನೆ ಕುಂಚದಿಂದ ಒಣಗಿದ್ದಾಗಲೇ ಉದುರಿಸಿ. ಮತ್ತೆ ಬಂದರೆ ಸಂರಕ್ಷಣಾ ತಜ್ಞರು ಎದ್ದ ಚಕ್ಕೆಗಳನ್ನು ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟಿನ ತೆಳು ದ್ರಾವಣದಿಂದ ಕೂರಿಸಿ, ಅಯಾನುರಹಿತ ನೀರಿನಲ್ಲಿಟ್ಟು, ನೀರು ಬದಲಿಸುತ್ತಾ, ನೀರಿಗಿಳಿದ ಉಪ್ಪನ್ನು ತೋರಿಸುವ ವಾಹಕತೆಯ ಅಂಕಿ ಇಳಿಯುವುದು ನಿಲ್ಲುವವರೆಗೂ ಅಳೆಯುತ್ತಾರೆ. ಮೆಕ್ಕಲಿನ ಮಡಿಕೆ ಕಡಿಮೆ ಬೆಂದದ್ದು, ನೀರಿನಲ್ಲಿ ಪುಡಿಯಾಗುವ ಅಪಾಯವಿದೆ, ಶಾಯಿಯ ಗುರುತೂ ಹೋದೀತು. ಅದನ್ನು ನೆನೆಸುವ ಮಾತೇ ಬೇಡ.

ಇಡುವ ಬೀರು ಪ್ಲೈವುಡ್, ಎಂಡಿಎಫ್ ಆಗಬಾರದು. ಅವುಗಳಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಮಡಿಕೆಯ ಸುಣ್ಣ, ಕ್ಲೋರೈಡ್ ಜೊತೆ ಸೇರಿ ನವಿರು ಕೂದಲಿನಂಥ ಹೊಸ ಹರಳು ಬೆಳೆಸುತ್ತದೆ. ಪೌಡರ್ ಕೋಟಿಂಗ್ ಆದ ಉಕ್ಕಿನ ಬೀರು ಒಳ್ಳೆಯದು. ತಳ ದುಂಡಗಿದ್ದರೆ ಪಾಲಿಥಿಲೀನ್ ಫೋಮ್ ಬಳೆ ಕತ್ತರಿಸಿ ಕೂರಿಸಿ. ಎತ್ತುವಾಗ ಒಂದು ಕೈ ತಳಕ್ಕೆ, ಒಂದು ಹೊಟ್ಟೆಗೆ; ಅಂಚು ಹಿಡಿದು ಎತ್ತಲೇಬೇಡಿ.