ಮಂಡಿನೋವಿರುವ ತಾಯಿಯೊಂದಿಗೆ ಉದಯಪುರ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಹೊಸನಗರದವ

ಅಕ್ಟೋಬರ್ ತಿಂಗಳಲ್ಲಿ, ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಗುವ ಮೊದಲು, ತಾಯಿಯವರನ್ನು ಕರೆದುಕೊಂಡು ರಾಜಸ್ಥಾನದ ಉದಯಪುರಕ್ಕೆ ಹೋಗಿಬರಬೇಕೆಂದಿದ್ದೇನೆ. ಅವರಿಗೆ ಎಪ್ಪತ್ತು ದಾಟಿದೆ. ಸಮತಟ್ಟಾದ ಜಾಗದಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಮೆಟ್ಟಿಲು ಹತ್ತಿಳಿಯುವಾಗ ಮಂಡಿ ನೋಯುತ್ತದೆ. ವಾರಕ್ಕಿಂತ ಹೆಚ್ಚು ದಿನ ಮನೆ ಬಿಟ್ಟಿರುವುದು ಸಾಧ್ಯವಿಲ್ಲ.

ಪ್ರವಾಸದ ಪಟ್ಟಿಗಳನ್ನು ತೆರೆದು ನೋಡಿದರೆ ಒಂದೇ ದಿನದಲ್ಲಿ ಮೂರು ಅರಮನೆ, ಎರಡು ಉದ್ಯಾನ, ಒಂದು ದೋಣಿ ವಿಹಾರ, ರಾತ್ರಿಗೊಂದು ನೃತ್ಯ ಎಂಬಂತೆ ತುಂಬಿಸಿಟ್ಟಿದ್ದಾರೆ. ಅದನ್ನು ಹಾಗೆಯೇ ಒಪ್ಪಿಕೊಳ್ಳಲು ಮನಸ್ಸಿಲ್ಲ. ನನ್ನ ಮುಖ್ಯ ಸಂದೇಹವೇ ಬೇರೆ. ಲಿಂಗನಮಕ್ಕಿಯ ಹಿನ್ನೀರನ್ನು ದಿನವೂ ನೋಡುವ, ಹುಲಿಕಲ್ಲಿನ ಮಳೆಯಲ್ಲಿ ನೆನೆದು ಬೆಳೆದ ನಮ್ಮಂಥವರಿಗೆ ಒಣನಾಡಿನ ನಾಲ್ಕು ಕೆರೆಗಳಲ್ಲಿ ನೋಡಬೇಕಾದದ್ದು ಏನಿದೆ? ಅರಮನೆಗಳಲ್ಲಿ ಯಾವುದು ತಾಯಿಯವರ ಕಾಲಿಗೆ ದಕ್ಕೀತು? ಅವರ ಆಸೆ ಇರುವುದು ದೇವಸ್ಥಾನಗಳ ಮೇಲೆ; ಅವು ಊರಿನೊಳಗಿವೆಯೋ, ಹೊರಗಿವೆಯೋ? ಹೋಗಿಬಂದವರು ಸ್ವಲ್ಪ ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಿನ್ನೀರಿನಂಚು

ನಿಮ್ಮ ಮೊದಲ ಸಂದೇಹವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿದರೆ ಉಳಿದ ಆಯ್ಕೆಗಳು ಸುಲಭವಾಗುತ್ತವೆ. ಉದಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 60 ಸೆಂಟಿಮೀಟರ್. ಹುಲಿಕಲ್ಲಿನಲ್ಲೋ ಆಗುಂಬೆಯಲ್ಲೋ ಜುಲೈ ತಿಂಗಳ ಕೆಲವೇ ದಿನಗಳಲ್ಲಿ ಅಷ್ಟು ಸುರಿದು ಹೋಗುತ್ತದೆ. ಆ ಮಳೆಯನ್ನೇ ನಂಬಿಕೊಂಡು ಒಂದು ರಾಜಧಾನಿಯನ್ನು ಕಟ್ಟಿ ಶತಮಾನಗಳ ಕಾಲ ಉಳಿಸಿಕೊಂಡರಲ್ಲ, ನಾವು ನೋಡಬೇಕಾದದ್ದು ಅದನ್ನು. ಊರಿನ ಹೆಸರಾಂತ ಕೆರೆಗಳಲ್ಲಿ ಒಂದೂ ತಾನಾಗಿ ಹುಟ್ಟಿದ್ದಲ್ಲ, ಎಲ್ಲವೂ ಏರಿ ಹಾಕಿ ನಿಲ್ಲಿಸಿದ ನೀರು.

ಊರಿಗಿಂತ ಕೆರೆ ಹಳೆಯದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಪಿಚೋಲಾ ಕೆರೆಯನ್ನು 14ನೆಯ ಶತಮಾನದಲ್ಲಿ ದವಸ ಸಾಗಿಸುತ್ತಿದ್ದ ಬಂಜಾರನೊಬ್ಬ ಕಟ್ಟಿಸಿದನೆಂದು ಪರಂಪರೆ ಹೇಳುತ್ತದೆ. ಮಹಾರಾಣಾ ಎರಡನೆಯ ಉದಯಸಿಂಹ ಅಲ್ಲಿಗೆ ಬಂದು ನಗರಕ್ಕೆ ಅಡಿಪಾಯ ಹಾಕಿದ್ದು ಸುಮಾರು ಎರಡು ಶತಮಾನಗಳ ನಂತರ, 1559ರಲ್ಲಿ. ಅವನು ಏರಿಯನ್ನು ಬಲಪಡಿಸಿ ಕೆರೆಯನ್ನು ಹಿಗ್ಗಿಸಿದ, ಪೂರ್ವ ದಂಡೆಯ ದಿಣ್ಣೆಯ ಮೇಲೆ ಅರಮನೆಯನ್ನು ಆರಂಭಿಸಿದ. 1568ರಲ್ಲಿ ರಾಣಾಗಳ ಮೇವಾಡ ರಾಜ್ಯದ ಹಿಂದಿನ ರಾಜಧಾನಿ ಚಿತ್ತೋರು ಅಕ್ಬರನ ವಶವಾಯಿತು. 1615ರ ಒಪ್ಪಂದದಲ್ಲಿ ಚಿತ್ತೋರು ಮೇವಾಡಕ್ಕೆ ಮರಳಿ ಬಂದರೂ ಅದರ ಕೋಟೆಯನ್ನು ದುರಸ್ತಿ ಮಾಡಬಾರದೆಂಬ ಕರಾರಿತ್ತು. ಹಾಗಾಗಿ ರಾಣಾಗಳ ಹಣ, ಶ್ರಮ, ಕಲ್ಪನೆಗಳೆಲ್ಲ ಗುಡ್ಡಗಳ ನಡುವಿನ ಈ ಬೋಗುಣಿಯಂಥ ಕಣಿವೆಗೇ ಹರಿದವು. ಇಂದು ನಾವು ಬೆರಗಿನಿಂದ ನೋಡುವ, ಪಿಚೋಲಾದ ನಡುವಿನ ದ್ವೀಪದ ಅರಮನೆಗಳಾದ ಜಗಮಂದಿರ, ಜಗನಿವಾಸಗಳೆಲ್ಲ ಅದರ ನಂತರದ ಕಥೆ.

ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿ. ಸೀಸಾರ್ಮಾ ಹೊಳೆ ಪಿಚೋಲಾಕ್ಕೆ ಸೇರುತ್ತದೆ, ಪಿಚೋಲಾದಿಂದ ಸ್ವರೂಪಸಾಗರದ ಮೂಲಕ ಫತೇಸಾಗರಕ್ಕೆ ಕಾಲುವೆಯ ಸಂಪರ್ಕವಿದೆ, ಹೆಚ್ಚಾದ ನೀರು ಆಹಾಡ ಹೊಳೆಗೆ ಬಿದ್ದು ಊರಿನ ಪೂರ್ವಕ್ಕಿರುವ ಉದಯಸಾಗರವನ್ನು ತಲುಪುತ್ತದೆ. ಅಲ್ಲಿಂದ ಮುಂದೆ ಬೇಡಚ್, ಬನಾಸ್, ಚಂಬಲ್, ಯಮುನೆ, ಗಂಗೆ. ಕೊನೆಗೆ ಬಂಗಾಳ ಕೊಲ್ಲಿ. ಇತ್ತ ಉದಯಪುರದಿಂದ ಸುಮಾರು 50 ಕಿಲೋಮೀಟರ್ ಆಗ್ನೇಯಕ್ಕಿರುವ ಜಯಸಮಂದದ ನೀರು ಸೋಮ್ ಮತ್ತು ಮಾಹಿ ನದಿಗಳ ಮೂಲಕ ಅರಬ್ಬೀ ಸಮುದ್ರದ ಪಾಲಾಗುತ್ತದೆ. ತುಂಗೆ ಪೂರ್ವಕ್ಕೂ ಶರಾವತಿ ಪಶ್ಚಿಮಕ್ಕೂ ಹರಿಯುವ ಜಿಲ್ಲೆಯಿಂದ ಹೋದವರಿಗೆ ಈ ಕವಲು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆಂದು ನನ್ನ ಎಣಿಕೆ.

ಆದ್ದರಿಂದ ತಲುಪಿದ ಸಂಜೆ ಯಾವ ಅರಮನೆಗೂ ಟಿಕೆಟ್ ಕೊಳ್ಳಬೇಡಿ. ಪಿಚೋಲಾದ ಪಶ್ಚಿಮ ದಂಡೆಯ ಅಂಬ್ರಾಯಿ ಘಾಟಿನಲ್ಲಿ ತಾಯಿಯವರನ್ನು ಕೂರಿಸಿ ಎದುರಿನ ಅರಮನೆಯ ಸಾಲನ್ನು ನೋಡಿ. ಅರಮನೆಯ ಒಳಗೆ ಹೋದವರಿಗೆ ಅದರ ಪೂರ್ಣ ಆಕಾರ ಕಾಣುವುದೇ ಇಲ್ಲ. ಮರುದಿನ ಬೆಳಗ್ಗೆ ಫತೇಸಾಗರದ ಏರಿಯ ಮೇಲೆ ಗಾಡಿಯಲ್ಲಿ ಒಂದು ಸುತ್ತು ಹೋಗಿ, ಏರಿಯ ಕೆಳಗಿರುವ ಸಹೇಲಿಯೋಂ ಕೀ ಬಾಡಿ ಎಂಬ ತೋಟಕ್ಕೆ ಬನ್ನಿ. 18ನೆಯ ಶತಮಾನದಲ್ಲಿ ಎರಡನೆಯ ಸಂಗ್ರಾಮಸಿಂಹ ರಾಣಿವಾಸದವರಿಗಾಗಿ ಮಾಡಿಸಿದ ಈ ತೋಟದ ಕಾರಂಜಿಗಳು ಪಂಪಿನ ಹಂಗಿಲ್ಲದೆ, ಮೇಲಿನ ಕೆರೆಯ ನೀರಿನ ಒತ್ತಡದಿಂದಲೇ ಚಿಮ್ಮುವಂತೆ ರೂಪಿಸಿದವು. ಗುಡ್ಡದ ಒರತೆಯಿಂದ ದಬ್ಬೆಯಲ್ಲಿ ಅಂಗಳಕ್ಕಿಳಿಯುವ ನಮ್ಮ ಅಬ್ಬಿ ನೀರಿನ ತತ್ತ್ವವೇ ಅದು, ಅಮೃತಶಿಲೆಯ ಉಡುಪು ತೊಟ್ಟಿದೆ ಅಷ್ಟೆ. ತಾಯಿಯವರಿಗೆ ಅಲ್ಲಿ ಮೆಟ್ಟಿಲಿನ ಕಾಟವೂ ಇಲ್ಲ.

ಅಕ್ಟೋಬರ್ ಆಯ್ದುಕೊಂಡದ್ದು ಒಳ್ಳೆಯದಾಯಿತು. ಮಳೆ ಆಗ ಮುಗಿದಿರುತ್ತದೆ, ಅರಾವಳಿಯ ಹಸಿರು ಇನ್ನೂ ಬಾಡಿರುವುದಿಲ್ಲ, ಕೆರೆಗಳಲ್ಲಿ ನೀರಿರುತ್ತದೆ. ಮೇ ತಿಂಗಳಿನಲ್ಲಿ ಹೋದರೆ ನೀರು ಇಳಿದ ದಂಡೆ, 40 ಡಿಗ್ರಿಯ ಬಿಸಿಲು ಎರಡೂ ಸಿಗುತ್ತವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಿಚೋಲಾ ಪೂರ್ತಿ ಬತ್ತುವುದೂ ಉಂಟು. 2000ದ ದಶಕದ ಬರದಲ್ಲಿ ಕೆರೆಯ ನಡುವಿನ ಜಗನಿವಾಸದವರೆಗೂ ಜನ ನೆಲದ ಮೇಲೆ ಹೋಗಿಬರುವಂತಾಗಿತ್ತು.

ಉತ್ತರ: ಇಕ್ಕೇರಿ ಕಡೆಯವಳು

ಹಿನ್ನೀರಿನಂಚಿನವರು ಕೆರೆಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ, ಆದರೆ ಮಂಡಿನೋವಿನ ತಾಯಿಯನ್ನು ಕರೆದೊಯ್ಯುವವರಿಗೆ ಬೇಕಾದ ಮಾತು ಇನ್ನೂ ಉಳಿದಿದೆ. ಪಿಚೋಲಾದ ದಂಡೆಯ ಆ ಅರಮನೆ, ಅಂದರೆ ಸಿಟಿ ಪ್ಯಾಲೇಸ್, ಒಂದೇ ಕಟ್ಟಡವಲ್ಲ. ಒಬ್ಬ ರಾಣಾನ ನಂತರ ಇನ್ನೊಬ್ಬ ಸೇರಿಸುತ್ತ ಹೋದ ಅರಮನೆಗಳ ಹೆಣಿಗೆ. ಒಳಗಿನ ದಾರಿ ಇಕ್ಕಟ್ಟು, ಬಾಗಿಲು ಗಿಡ್ಡ, ಮೆಟ್ಟಿಲು ಕಡಿದು. ಸಂದರ್ಶಕರು ಒಂದೇ ದಿಕ್ಕಿನಲ್ಲಿ ಸಾಗಬೇಕಾದ್ದರಿಂದ ಅರ್ಧಕ್ಕೆ ಹಿಂದಿರುಗುವುದು ಸುಲಭವಲ್ಲ. ತಾಯಿಯವರು ಹೊರಗಿನ ಮಾಣೆಕ್ ಚೌಕದಲ್ಲಿ ಕುಳಿತು, ತ್ರಿಪೋಲಿಯಾ ಬಾಗಿಲನ್ನೂ ರಾಣಾಗಳು ಚಿನ್ನ ಬೆಳ್ಳಿಗಳಿಂದ ತುಲಾಭಾರ ಮಾಡಿಸಿಕೊಳ್ಳುತ್ತಿದ್ದ ಅಮೃತಶಿಲೆಯ ತೋರಣಗಳನ್ನೂ ನೋಡಿದರೆ ಸಾಕು. ನೀವೊಬ್ಬರೇ ಒಳಗೆ ಹೋಗಿ ಬನ್ನಿ. ಮೋರ್ ಚೌಕದ ಗಾಜಿನ ನವಿಲುಗಳನ್ನು ಎಲ್ಲರೂ ತೋರಿಸುತ್ತಾರೆ. ಅದಕ್ಕಿಂತ ಬಾಡಿ ಮಹಲನ್ನು ತಪ್ಪಿಸಿಕೊಳ್ಳಬೇಡಿ. ಅರಮನೆಯ ತುದಿಯಲ್ಲಿ ದೊಡ್ಡ ಮರಗಳಿರುವ ತೋಟ ಎದುರಾದಾಗ ತಾರಸಿಯ ಮೇಲೆ ಮರ ಹೇಗೆ ಬೆಳೆಯಿತೆಂದು ಅಚ್ಚರಿಯಾಗುತ್ತದೆ. ಅಸಲಿಗೆ ಅದು ತಾರಸಿಯೇ ಅಲ್ಲ, ದಿಣ್ಣೆಯ ನೆತ್ತಿ. ಅರಮನೆಯನ್ನು ಅದರ ಸುತ್ತ ಕಟ್ಟಿದ್ದಾರೆ.

ನಮ್ಮ ಕಡೆಯವರು ಅಲ್ಲಿ ನಿಂತಾಗ ಕೆಳದಿ ಅರಸರ ರಾಜಧಾನಿ ಬಿದನೂರನ್ನು ನೆನೆಯದೆ ಇರಲಾರರು. ಒಂದನೆಯ ಜಗತ್‌ಸಿಂಹ ಅರಮನೆಯ ಬಾಗಿಲಲ್ಲೇ ಜಗದೀಶ ದೇವಾಲಯವನ್ನು ಕಟ್ಟಿಸುತ್ತಿದ್ದ ಕಾಲಕ್ಕೆ ಇಲ್ಲಿ ಶಿವಪ್ಪನಾಯಕ ಆಳುತ್ತಿದ್ದ. ಬಿದನೂರು 1763ರಲ್ಲಿ ಹೈದರಾಲಿಯ ಕೈಸೇರಿತು. ಈಗ ನಗರ ಎಂದು ಕರೆಯುವ ಆ ಊರಿನ ಕೋಟೆಯೊಳಗೆ ನಮಗೆ ಸಿಗುವುದು ತಳಪಾಯ ಮತ್ತು ಕೊಳ. ಉದಯಪುರದಲ್ಲಾದರೋ ಅದೇ ವಂಶ 1948ರಲ್ಲಿ ಸಂಯುಕ್ತ ರಾಜಸ್ಥಾನದೊಳಗೆ ಸೇರುವವರೆಗೂ ಅದೇ ಮನೆಯಲ್ಲಿತ್ತು. ನಮ್ಮವರು ಮರವನ್ನು ಹೆಚ್ಚು ನಂಬಿದರು, ಅವರು ಕಲ್ಲು ಗಾರೆಯನ್ನು ನಂಬಿದರು ಎಂಬುದೂ ಒಂದು ಕಾರಣವಿರಬಹುದು, ಆದರೆ ಆಳಿಕೆ ಮುರಿಯದೆ ಉಳಿದದ್ದೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ದೇವಸ್ಥಾನಗಳ ಮಾತಿಗೆ ಬಂದರೆ, ಊರೊಳಗಿನ ಜಗದೀಶ ದೇವಾಲಯಕ್ಕೆ ಕಡಿದಾದ 32 ಮೆಟ್ಟಿಲುಗಳಿವೆ. ವಿಷ್ಣುವಿನ ಕಪ್ಪುಶಿಲೆಯ ಮೂರ್ತಿಯೂ ಎದುರಿನ ಹಿತ್ತಾಳೆಯ ಗರುಡನೂ ನೋಡತಕ್ಕವೇ. ತಾಯಿಯವರು ಒಂದೇ ಕಡೆ ಮೆಟ್ಟಿಲು ಹತ್ತುವುದಾದರೆ ಅದು ಇಲ್ಲಿಯೇ ಆಗಲಿ, ಬೆಳಗ್ಗೆ ಬಿಸಿಲೇರುವ ಮುನ್ನ. ಉಳಿದ ಮುಖ್ಯ ಕ್ಷೇತ್ರಗಳು ಊರಿನ ಉತ್ತರಕ್ಕಿವೆ. ಸುಮಾರು 22 ಕಿಲೋಮೀಟರ್ ದೂರದ ಕೈಲಾಶಪುರಿಯಲ್ಲಿ ಏಕಲಿಂಗಜಿ, ಕಪ್ಪುಶಿಲೆಯ ಚತುರ್ಮುಖ ಶಿವ. ಮೇವಾಡದ ನಿಜವಾದ ಒಡೆಯ ಅವನೇ, ರಾಣಾ ಅವನ ದಿವಾನ ಮಾತ್ರ ಎಂಬ ನಂಬಿಕೆಯ ಮೇಲೆ ಅಲ್ಲಿನ ಆಡಳಿತ ನಡೆದುಬಂದಿತು. ಅದರ ಪಕ್ಕದಲ್ಲೇ ನಾಗದಾ ಎಂಬ ಹಳೆಯ ರಾಜಧಾನಿಯ ಜಾಗದಲ್ಲಿ ಸಾಸ್–ಬಹೂ ಎಂದು ಕರೆಯುವ ಜೋಡಿ ವಿಷ್ಣು ದೇವಾಲಯಗಳಿವೆ. ಬಳ್ಳಿಗಾವೆಯ ಕೇದಾರೇಶ್ವರನನ್ನು ನಿಧಾನವಾಗಿ ನೋಡುವ ಅಭ್ಯಾಸವಿದ್ದವರಿಗೆ ಈ ಜೋಡಿ ಗುಡಿಗಳು ಅರಮನೆಗಿಂತ ಹೆಚ್ಚು ಸಂತೋಷ ಕೊಡುತ್ತವೆ. ಪ್ರವಾಸಿಗಳ ಗದ್ದಲವೂ ಅಲ್ಲಿ ಕಡಿಮೆ.

ಇನ್ನೂ ಮುಂದೆ ನಾಥದ್ವಾರ. ಬ್ರಜಭೂಮಿಯಿಂದ ಹೊರಟ ಶ್ರೀನಾಥಜಿಯ, ಅಂದರೆ ಕೃಷ್ಣನ, ಮೂರ್ತಿಗೆ ಮಹಾರಾಣಾ ರಾಜಸಿಂಹನ ಆಶ್ರಯ ದೊರೆತು, 1672ರಲ್ಲಿ ಅದು ಇಲ್ಲಿ ನೆಲೆನಿಂತಿತು. ದಿನಕ್ಕೆ ಎಂಟು ದರ್ಶನ, ಪ್ರತಿಯೊಂದೂ ಸ್ವಲ್ಪ ಹೊತ್ತು ಮಾತ್ರ. ನಡುವೆ ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆದ ಕೂಡಲೇ ನೂಕುನುಗ್ಗಲು ಆರಂಭವಾಗುವುದರಿಂದ ತಾಯಿಯವರನ್ನು ಜನರ ನಡುವೆ ಬಿಡದೆ ಒಂದು ಬದಿಯಲ್ಲಿ ನಿಲ್ಲಿಸಿಕೊಳ್ಳಿ. ಏಕಲಿಂಗಜಿಯ ಬಾಗಿಲೂ ಹೊತ್ತುಹೊತ್ತಿಗೆ ಮುಚ್ಚುತ್ತದೆ. ಅಲ್ಲಿ ಛಾಯಾಚಿತ್ರಕ್ಕೆ ಅನುಮತಿ ಇಲ್ಲ, ಸೋಮವಾರ ಜನ ಹೆಚ್ಚು. ಹೊರಡುವ ಮೊದಲು ಆ ದಿನದ ವೇಳೆಯನ್ನು ವಿಚಾರಿಸಿಕೊಳ್ಳಿ.

ಉತ್ತರ: ತೀರ್ಥಹಳ್ಳಿ ಬಸ್ಸು

ಎರಡೇ ಮಾತು. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆ ಮಾರ್ಗವಾಗಿ ಉದಯಪುರಕ್ಕೆ ವಾರಕ್ಕೊಂದು ಹಮ್‌ಸಫರ್ ರೈಲಿದೆ. ಆದರೆ ಎರಡು ರಾತ್ರಿಗಳ ಪ್ರಯಾಣ ಮಂಡಿನೋವಿನವರಿಗೆ ಶಿಕ್ಷೆಯೇ. ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ. ಉದಯಪುರದ ನಿಲ್ದಾಣ ಊರಿನ ಪೂರ್ವಕ್ಕೆ ಡಬೋಕಿನಲ್ಲಿದೆ, ಅಲ್ಲಿಂದ ಹೋಟೆಲ್ಲಿಗೆ 20 ಕಿಲೋಮೀಟರಿನ ಆಸುಪಾಸು. ಅಹಮದಾಬಾದಿಗೆ ವಿಮಾನ ಅಗ್ಗವಾಗಿ ಸಿಕ್ಕಿದರೆ ಅಸಾರ್ವಾ ನಿಲ್ದಾಣದಿಂದ ಉದಯಪುರಕ್ಕೆ 2022ರಲ್ಲಿ ತೆರೆದ ಬ್ರಾಡ್‌ಗೇಜ್ ಮಾರ್ಗವೂ ಇದೆ.

ಅಕ್ಟೋಬರ್ ಒಳ್ಳೆಯದೆಂದು ಎಲ್ಲರೂ ಹೇಳುತ್ತಿದ್ದಾರೆ; ನಾನು ಅರ್ಧ ಮಾತ್ರ ಒಪ್ಪುತ್ತೇನೆ. ದೀಪಾವಳಿಯ ಮರುದಿನದಿಂದ ಗುಜರಾತಿನ ರಜೆಯ ಜನ ಉದಯಪುರಕ್ಕೂ ನಾಥದ್ವಾರಕ್ಕೂ ತುಂಬಿಬರುತ್ತಾರೆ, ಕೋಣೆಯ ಬಾಡಿಗೆ ಏರುತ್ತದೆ. ದೀಪಾವಳಿ ಅಕ್ಟೋಬರಿನಲ್ಲೇ ಬರುವ ವರ್ಷವಾದರೆ ತಿಂಗಳ ಮೊದಲ ಅರ್ಧದಲ್ಲೇ ಹೋಗಿ ಬಂದುಬಿಡಿ. ಹಳೆಯ ಪೇಟೆಯಲ್ಲಿ ಕೋಣೆ ಹಿಡಿಯುವಾಗ ಕೆರೆ ಕಾಣುತ್ತದೆಯೇ ಎಂದು ಕೇಳುವ ಮೊದಲು ಲಿಫ್ಟ್ ಇದೆಯೇ, ಬಾಗಿಲವರೆಗೆ ಆಟೋ ಬರುತ್ತದೆಯೇ ಎಂದು ಕೇಳಿ.

ಮರುಪ್ರಶ್ನೆ: ಹೊಸನಗರದವ

ಎಲ್ಲರಿಗೂ ವಂದನೆಗಳು. ಇನ್ನೊಂದು ಗೊಂದಲ ಉಳಿದಿದೆ. ಕುಂಭಲಗಢ ಮತ್ತು ರಣಕಪುರ ಒಂದು ದಿನ, ಜಯಸಮಂದ ಒಂದು ದಿನ, ನಾಥದ್ವಾರದ ಕಡೆ ಒಂದು ದಿನ ಎಂದು ಟ್ಯಾಕ್ಸಿಯವರು ಹೇಳುತ್ತಿದ್ದಾರೆ. ಮೂರಕ್ಕೂ ಹೋಗುವುದು ತಾಯಿಯವರಿಗೆ ಹೆಚ್ಚಾಗಬಹುದು. ಯಾವುದನ್ನು ಕೈಬಿಡಲಿ? ಜಗನಿವಾಸದ ಒಳಗೆ ದೋಣಿಯಲ್ಲಿ ಬಿಡುತ್ತಾರೆಯೇ?

ಉತ್ತರ: ಹಿನ್ನೀರಿನಂಚು

ಜಗನಿವಾಸ ಈಗ ಹೋಟೆಲ್ಲು, ಅತಿಥಿಗಳಲ್ಲದವರಿಗೆ ಪ್ರವೇಶವಿಲ್ಲ. ದೋಣಿ ಅದನ್ನು ಸುತ್ತಿ ಜಗಮಂದಿರಕ್ಕೆ ಕರೆದೊಯ್ಯುತ್ತದೆ, ಇಳಿಯಬೇಕಾದದ್ದೂ ಅಲ್ಲಿಯೇ. ತಂದೆ ಜಹಾಂಗೀರನ ವಿರುದ್ಧ ಬಂಡೆದ್ದ ರಾಜಕುಮಾರ ಖುರ್ರಂ, ಮುಂದೆ ಷಹಜಹಾನನಾದವನು, ಆ ದ್ವೀಪದಲ್ಲಿ ಆಶ್ರಯ ಪಡೆದಿದ್ದ. 1857ರಲ್ಲಿ ನೀಮಚದಿಂದ ಓಡಿಬಂದ ಯುರೋಪಿಯನ್ ಕುಟುಂಬಗಳನ್ನೂ ಅಲ್ಲಿಯೇ ಇರಿಸಿದ್ದರು. ದೋಣಿ ಹತ್ತಿಳಿಯುವಾಗ ಮಾತ್ರ ತಾಯಿಯವರ ಕೈ ಹಿಡಿದುಕೊಳ್ಳಿ.

ಕೈಬಿಡಬೇಕಾದದ್ದು ಕುಂಭಲಗಢ. ರಾಣಾ ಕುಂಭನ ಕೋಟೆ, ಕಿಲೋಮೀಟರುಗಟ್ಟಲೆ ಹಬ್ಬಿದ ಗೋಡೆ, 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ ಎಂಬುದೆಲ್ಲ ನಿಜ. ಆದರೆ ಬಾಗಿಲು ದಾಟಿದ ಮೇಲೆ ನೆತ್ತಿಯವರೆಗೂ ಏರುದಾರಿ. ಕವಲೇದುರ್ಗ ಹತ್ತಲಾಗದವರು ಅಲ್ಲಿಗೆ ಹೋಗಿ ಕೆಳಗೇ ಕಾಯಬೇಕಾಗುತ್ತದೆ. ಅದನ್ನು ಬಿಟ್ಟರೆ ರಣಕಪುರವೊಂದಕ್ಕೇ ಘಾಟಿಯ ಅಷ್ಟು ದೂರದ ಪ್ರಯಾಣ ಬೇಕೇ ಎಂದು ನೀವೇ ಯೋಚಿಸಿ. 15ನೆಯ ಶತಮಾನದ ಆ ಜೈನ ಬಸದಿಯ ಕಂಬಗಳ ಕಾಡು ಅಪೂರ್ವವೇ, ಆದರೆ ಪ್ರವಾಸಿಗಳನ್ನು ಮಧ್ಯಾಹ್ನದಿಂದಷ್ಟೇ ಒಳಗೆ ಬಿಡುತ್ತಾರೆ.

ಆ ದಿನವನ್ನು ಉತ್ತರದ ದಾರಿಗೆ ಸೇರಿಸಿ, ನಾಥದ್ವಾರದಲ್ಲಿ ಒಂದು ರಾತ್ರಿ ತಂಗಿ. ಹೋಗುವಾಗ ಏಕಲಿಂಗಜಿ, ನಾಗದಾ; ಮರುದಿನ ಅಲ್ಲಿಂದ ಸ್ವಲ್ಪವೇ ಮುಂದಿರುವ ರಾಜಸಮಂದದ ನೌಚೌಕಿ ಏರಿ. 1660ರ ದಶಕದ ಆರಂಭದ ಕ್ಷಾಮದಲ್ಲಿ ಹಸಿದ ಜನರಿಗೆ ಕೆಲಸ ಕೊಡಲೆಂದು ರಾಜಸಿಂಹ ಆರಂಭಿಸಿದ ಕಟ್ಟೆ ಅದು, 1676ರಲ್ಲಿ ಪ್ರತಿಷ್ಠೆಯಾಯಿತು. ನೀರಿಗಿಳಿಯುವ ಅಮೃತಶಿಲೆಯ ಸೋಪಾನ, ತೋರಣ, ಮಂಟಪಗಳ ನಡುವೆ 25 ಕಪ್ಪುಶಿಲೆಗಳ ಮೇಲೆ ರಾಜಪ್ರಶಸ್ತಿ ಎಂಬ ಸಂಸ್ಕೃತ ಕಾವ್ಯವನ್ನೇ ಕೆತ್ತಿಸಿದ್ದಾರೆ. ತಾಯಿಯವರು ಕೆಳಗಿಳಿಯಬೇಕಿಲ್ಲ, ಏರಿಯ ಮೇಲಿನ ಮಂಟಪದಲ್ಲಿ ಕುಳಿತರೆ ಕೆತ್ತನೆ, ಕೆರೆ ಎರಡೂ ಕಾಣುತ್ತವೆ.

ಜಯಸಮಂದವನ್ನು ಕೊನೆಗೆ ಇಟ್ಟುಕೊಳ್ಳಿ. ಅದು ರಾಜಸಿಂಹನ ಮಗ ಜಯಸಿಂಹ 17ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿಸಿದ ಕೆರೆ. ನಮ್ಮ ಚೆನ್ನಮ್ಮಾಜಿ ಬಿದನೂರಿನಲ್ಲಿ ಆಳುತ್ತಿದ್ದ ಕಾಲವೂ ಅದೇ. ಏರಿಯ ಮೇಲಿನ ಅಮೃತಶಿಲೆಯ ಆನೆಗಳ ಸಾಲು ಚೆನ್ನಾಗಿದೆ. ತಾಯಿಯವರಿಗೆ ಆಯಾಸವಿಲ್ಲದಿದ್ದರೆ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಹಿಂದಿರುಗಬಹುದು, ಆಯಾಸವಾಗಿದ್ದರೆ ಆ ಹೊತ್ತನ್ನು ಮತ್ತೆ ಫತೇಸಾಗರದ ಏರಿಯ ಮೇಲೆಯೇ ಕಳೆಯಿರಿ.