‘ಕ್ಲೋನ್’ ಎಂದರೆ ನಕಲಲ್ಲ, ಹಾಗಾದರೆ ಏನೆನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ನನ್ನ ಪದಸಂಗ್ರಹವನ್ನು ವಿಂಗಡಿಸಿಡಲು ಕೆಲವು ವಾರಗಳಿಂದ ಲಿಯೋ ಎಂಬ ಔಟ್‌ಲೈನರ್ (ಟಿಪ್ಪಣಿಗಳನ್ನು ಮರದ ಕವಲುಗಳಂತೆ ಒಂದರ ಕೆಳಗೊಂದು ಜೋಡಿಸಿಡುವ ತಂತ್ರಾಂಶ) ಕಲಿಯುತ್ತಿದ್ದೇನೆ. ಎಡ್ವರ್ಡ್ ರೀಮ್ ರೂಪಿಸಿದ ಮುಕ್ತ ತಂತ್ರಾಂಶ ಇದು. ಕಲಿತದ್ದನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳೋಣ ಎಂದು ಹೊರಟವನು ಪದಗಳಲ್ಲಿ ಸಿಕ್ಕಿಕೊಂಡೆ.

ಔಟ್‌ಲೈನ್‌ಗೆ ‘ರೂಪುರೇಷೆ’ ಎಂದರೆ ಮುಂದೆ ಮಾಡಲಿರುವ ಕೆಲಸದ ನೆನಪಾಗುತ್ತದೆ. ಇಲ್ಲಿರುವುದು ಒಂದರೊಳಗೊಂದು ಜೋಡಿಸಿಟ್ಟ ಮಾಹಿತಿ, ‘ಹಂದರ’ ವಾಸಿ. ಅದರಲ್ಲಿನ ಒಂದೊಂದು ನಮೂದು, ಅಂದರೆ ನೋಡ್‌ಗೆ ‘ಗೆಣ್ಣು’, ಕವಲೊಡೆಯುವುದು ಅಲ್ಲಿಂದಲೇ ತಾನೆ. ಗೆಣ್ಣಿನ ಕೆಳಗಿನದನ್ನು ಮರೆಮಾಡುವ ಕೊಲ್ಯಾಪ್ಸ್‌ಗೆ ‘ಕುಸಿತ’ ಬೇಡವೇ ಬೇಡ. ‘ಮಡಚು’, ‘ಬಿಚ್ಚು’ ಸಾಕು. (ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಮಡಚಿ ಮಾಡಿದ ಪುಸ್ತಕವನ್ನೇ ‘ಕಡತ’ ಎನ್ನುತ್ತಿದ್ದರು. 1968ರಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟ್ ಪರದೆಯ ಮೇಲೆ ಪಟ್ಟಿಯನ್ನು ಮಡಚಿ ಬಿಚ್ಚಿ ತೋರಿಸಿದಾಗ ಈ ಪದ ನಮ್ಮಲ್ಲಿ ಹಳೆಯದಾಗಿತ್ತು!) ಗೆಣ್ಣುಗಳನ್ನು ಒಂದು ಮಟ್ಟ ಮೇಲಕ್ಕೆ, ಕೆಳಕ್ಕೆ ಸರಿಸುವ ಪ್ರಮೋಟ್, ಡಿಮೋಟ್‌ಗೆ ‘ಬಡ್ತಿ’, ‘ಹಿಂಬಡ್ತಿ’ ಎಂದು ಬರೆದು ನಾನೇ ನಕ್ಕು ಹೊಡೆದುಹಾಕಿದೆ.

ತೊಡಕಿರುವುದು ಒಂದೇ ಗೆಣ್ಣನ್ನು ಹಲವು ಕಡೆ ಕಾಣಿಸುವ ಕ್ಲೋನ್‌ನಲ್ಲಿ. ‘ಕಣ್ಣು’ ಎಂಬ ಗೆಣ್ಣು ‘ದೇಹದ ಭಾಗಗಳು’ ಕೆಳಗೂ ಬೇಕು, ‘ಅರ್ಥ ಹಿಗ್ಗಿದ ಪದಗಳು’ ಕೆಳಗೂ ಬೇಕು. ಕ್ಲೋನ್ ಮಾಡಿ ಎರಡೂ ಕಡೆ ಇಟ್ಟೆ. ಎರಡರ ಪಕ್ಕದಲ್ಲೂ ಪುಟ್ಟ ಕೆಂಪು ಬಾಣ ಬಂತು. ಒಂದು ಕಡೆ ‘ಸೂಜಿಯ ಕಣ್ಣು, ಕಬ್ಬಿನ ಕಣ್ಣು’ ಎಂದು ಸೇರಿಸಿ ಇನ್ನೊಂದನ್ನು ತೆರೆದರೆ ಅಲ್ಲೂ ಅದೇ ಸಾಲು! ಅಂದರೆ ಗೆಣ್ಣು ಒಂದೇ, ಕಾಣಿಸುವುದು ಎರಡು ಕಡೆ. ‘ನಕಲು’, ‘ತದ್ರೂಪಿ’ ಎರಡೂ ತಪ್ಪು ದಾರಿ ಹಿಡಿಸುತ್ತವೆ. ತದ್ರೂಪಿಗಳಲ್ಲಿ ಒಬ್ಬ ಉಂಡರೆ ಇನ್ನೊಬ್ಬನ ಹೊಟ್ಟೆ ತುಂಬುವುದಿಲ್ಲ. ‘ಪ್ರತಿಬಿಂಬ’ ಎನ್ನೋಣವೆಂದರೆ ಬಿಂಬ ಯಾವುದು? ಇಲ್ಲಿ ಅಸಲು ಎಂಬುದೇ ಇಲ್ಲ. ಯಾವುದೇ ಒಂದನ್ನು ತೆಗೆದರೂ ಮತ್ತೊಂದು ಹಾಗೇ ಉಳಿಯುತ್ತದೆ. ಹಾಗಾಗಿ ‘ಅಳಿಸು’ ಎನ್ನಲೂ ಮನಸ್ಸಿಲ್ಲ, ‘ಇಲ್ಲಿಂದ ತೆಗೆ’ ಎಂದು ಬರೆದುಕೊಂಡಿದ್ದೇನೆ.

‘ಕೂಡುಗೆಣ್ಣು’ ಎಂದು ಯೋಚಿಸಿದ್ದೆ, ಕೂಡುಕುಟುಂಬದ ಹಾಗೆ. ಆದರೆ ಎರಡು ಗೆಣ್ಣು ಬೆಸೆದುಕೊಂಡಿವೆ ಎಂಬ ಅರ್ಥ ಬರುತ್ತದೆ. ಮೇಲಾಗಿ ಮೆನುವಿಗೆ ಕ್ರಿಯಾಪದ ಬೇಕು, ‘ಕೂಡಿಸು’ ಎಂದರೆ ಲೆಕ್ಕದ ಕೂಡುವಿಕೆ. ಸದ್ಯಕ್ಕೆ ‘ಇಲ್ಲೂ ತೋರಿಸು’ ಎಂದಿಟ್ಟುಕೊಂಡಿದ್ದೇನೆ. ಕ್ರಿಯೆಗೂ ನಾಮಪದಕ್ಕೂ ಹೊಂದುವ ಒಂದೇ ಪದ ಯಾರಿಗಾದರೂ ಹೊಳೆಯುತ್ತದೆಯೇ?